ಸಂಘ ಮುಳುಗಿದ್ದು ಯಾವ ದಿನ? ಕಾರ್ಯದರ್ಶಿಯ ಕೈಯಲ್ಲಿ ಎಷ್ಟಿತ್ತು?

ಗೊರಬಲು (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮೂರ ಸಹಕಾರ ಸಂಘದಲ್ಲಿ ಠೇವಣಿ ವಾಪಸ್ ಕೊಡುವುದು ನಿಂತಿದೆ. ಸಂಘದ ಹೆಸರು ಬೇಡ, ಪಕ್ಕದ ಊರಿನವರಿಗೆ ಹೇಗೂ ಗೊತ್ತಾಗುತ್ತದೆ. ಮದುವೆಗೆ ಅಂತ ಇಟ್ಟ ದುಡ್ಡು, ಅಡಿಕೆ ಮಾರಿದ ದುಡ್ಡು, ಎಲ್ಲ ಒಳಗೇ ಇದೆ. ಕೌಂಟರಿನಲ್ಲಿ ಕೇಳಿದರೆ ‘ಮುಂದಿನ ವಾರ ಬನ್ನಿ’ ಎನ್ನುತ್ತಾರೆ. ಊರಲ್ಲಿ ಒಂದೇ ಮಾತು: ಕಾರ್ಯದರ್ಶಿ ತಿಂದ.

ನನಗೆ ಅದನ್ನು ಸಲೀಸಾಗಿ ಒಪ್ಪಲು ಆಗುತ್ತಿಲ್ಲ. ತಿಂದಿದ್ದರೆ ಎಲ್ಲೋ ಒಂದು ಸೈಟೋ ಕಾರೋ ಕಾಣಬೇಕಿತ್ತು. ಆತ ಮನೆಯ ಒಡೆದ ಹಂಚು ಕೂಡ ಬದಲಾಯಿಸಿಲ್ಲ. ವಿಚಾರಣೆಯಲ್ಲಿ ಹೊರಬಿದ್ದದ್ದು ಬೇರೆಯೇ ಕಥೆ. ಒಂದು ವರ್ಷ ಅಡಿಕೆಗೆ ಕೊಳೆ ರೋಗ ಜೋರಾಗಿ ಬಂತು. ಮಳೆ ಬಿಡುವೇ ಕೊಡಲಿಲ್ಲ, ಎರಡನೇ ಸಲದ ಔಷಧಿ ಹೊಡೆಯಲು ಆಗಲಿಲ್ಲ. ತೋಟದ ತುಂಬ ಕಾಯಿ ಉದುರಿತು. ಮಾರ್ಚಿಗೆ ಬೆಳೆ ಸಾಲ ಕಟ್ಟಲು ಬಹಳ ಮನೆಗಳಲ್ಲಿ ದುಡ್ಡಿರಲಿಲ್ಲ. ವಾಯಿದೆ ಮೀರಿದರೆ ರೈತನಿಗೆ ಬಡ್ಡಿ ರಿಯಾಯಿತಿ ಹೋಗುತ್ತದೆ. ಸುಸ್ತಿ, ಅಂದರೆ ವಾಯಿದೆ ಮೀರಿದ ಸಾಲ, ಜಾಸ್ತಿಯಾದರೆ ಸಂಘಕ್ಕೆ ಮೇಲಿನ ಬ್ಯಾಂಕಿನಿಂದ ಮುಂದಿನ ವರ್ಷದ ಹಣ ಸಿಗುವುದು ಕಷ್ಟ. ಆಡಳಿತ ಮಂಡಳಿ ‘ಇದೊಂದು ವರ್ಷ ಹೊಂದಾಣಿಕೆ ಮಾಡಿ’ ಎಂದಿತು.

ಹೊಂದಾಣಿಕೆ ಅಂದರೆ ಗೊತ್ತಲ್ಲ? ಠೇವಣಿ ಹಣದಲ್ಲಿ ಹಳೇ ಸಾಲ ಜಮಾ. ಏಪ್ರಿಲ್ ಮೊದಲ ವಾರ ಅದೇ ಹೆಸರಿಗೆ ಹೊಸ ಸಾಲ ಖರ್ಚು. ರೈತ ಸಂಘಕ್ಕೆ ಬಂದದ್ದು ಸಹಿ ಹಾಕಲು ಮಾತ್ರ. ಪುಸ್ತಕದಲ್ಲಿ ವಸೂಲಿ ಹೆಚ್ಚುಕಮ್ಮಿ ಪೂರ್ತಿ. ಮಹಾಸಭೆಯಲ್ಲಿ ಚಪ್ಪಾಳೆ, ಕಾರ್ಯದರ್ಶಿಗೆ ಶಾಲು. ಮರುವರ್ಷ ಅದೇ ಹೆಸರುಗಳು, ಜೊತೆಗೆ ಇನ್ನಷ್ಟು. ಕಟ್ಟಬಲ್ಲವರೂ ‘ಅವನಿಗೆ ಮಾಡಿದ್ದೀರಿ, ನನಗೂ ಮಾಡಿ’ ಎಂದು ಬಂದು ಕೂತರು. ಆಮೇಲೆ ಎಲೆಚುಕ್ಕಿ ರೋಗ ಬಂತು. ಅಸಲಿಗೆ ಬಡ್ಡಿ ಸೇರಿ, ಆ ಬಡ್ಡಿಗೂ ಠೇವಣಿಯಿಂದಲೇ ತೆಗೆದು, ಕೊನೆಗೆ ಠೇವಣಿ ಎಂಬುದು ಪುಸ್ತಕದಲ್ಲಿ ಮಾತ್ರ ಉಳಿಯಿತು.

ನನ್ನ ಪ್ರಶ್ನೆ ಎರಡು. ಈ ಸಂಘ ಮುಳುಗಿದ್ದು ಯಾವ ದಿನ? ಮತ್ತೆ, ಆ ಕುರ್ಚಿಯಲ್ಲಿ ಕೂತವನಿಗೆ ಇದನ್ನು ತಡೆಯಲು ನಿಜವಾಗಿ ಎಷ್ಟು ಸಾಧ್ಯವಿತ್ತು?

ಹೊಸನಗರದ ಹುಡುಗ

ಇಷ್ಟುದ್ದ ಯಾಕೆ ಬರೆದಿರಿ ಸಾರ್. ಸಹಿ ಯಾರದ್ದು? ಆತನದ್ದು. ಮುಗಿಯಿತು. ತಾನು ತಿನ್ನಲಿಲ್ಲ ಎನ್ನುವುದು ದೊಡ್ಡ ಗುಣವಾ? ನಮ್ಮ ಅಜ್ಜಿಯ ದುಡ್ಡೂ ಇಂಥದ್ದೇ ಒಂದು ಕಡೆ ಸಿಕ್ಕಿಕೊಂಡಿದೆ. ಅವರಿಗೆ ಹೋಗಿ ‘ವ್ಯವಸ್ಥೆಯ ದೋಷ ಅಜ್ಜಿ’ ಅಂತ ಹೇಳಲಾ?

ಜಮಾಖರ್ಚು (ಶಿವಮೊಗ್ಗ)

ನಾನು ಲೆಕ್ಕಪರಿಶೋಧನೆಯಲ್ಲಿದ್ದು ನಿವೃತ್ತನಾದವನು. ಗೊರಬಲು ಅವರು ಬರೆದದ್ದನ್ನು ಓದುತ್ತಾ ಹೋದರೆ ಪುಟದ ನಂಬರ್ ಸಮೇತ ಹೇಳಬಲ್ಲೆ, ಅಷ್ಟು ಪರಿಚಿತ ಕಥೆ.

ಮೊದಲ ಸುಳ್ಳು ಯಾವಾಗಲೂ ಚಿಕ್ಕದು. ಮುಂದಿನ ವರ್ಷ ಸರಿಮಾಡುತ್ತೇವೆ ಎಂಬ ಪ್ರಾಮಾಣಿಕ ನಂಬಿಕೆಯಲ್ಲೇ ಅದನ್ನು ಬರೆದಿರುತ್ತಾರೆ. ಇದು ಹಳ್ಳಿಯ ಸಂಘಕ್ಕೆ ಮಾತ್ರ ಅಂಟಿದ ರೋಗ ಅಂದುಕೊಳ್ಳಬೇಡಿ. 2009ರ ಜನವರಿ 7ರಂದು ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಮಂಡಳಿಗೆ ಬರೆದ ಪತ್ರದಲ್ಲಿ ಇದನ್ನೇ ಹೇಳಿದ್ದರು. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಸಣ್ಣ ಅಂತರ ಇತ್ತಂತೆ. ವರ್ಷ ಕಳೆದಂತೆ ಅದು ಬೆಳೆಯಿತು. ಕೊನೆಗೆ ಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿ ಇರಲೇ ಇಲ್ಲ. ಹುಲಿಯ ಮೇಲೆ ಕೂತ ಹಾಗಾಗಿತ್ತು, ತಿನ್ನಿಸಿಕೊಳ್ಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂದು ಅದೇ ಪತ್ರದಲ್ಲಿದೆ. ದೊಡ್ಡ ಲೆಕ್ಕಪರಿಶೋಧಕರು, ಹೆಸರಾಂತ ನಿರ್ದೇಶಕರು, ಷೇರುಪೇಟೆ, ಎಲ್ಲ ಇದ್ದೂ ಹೀಗಾಯಿತು.

ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರ ಬ್ಯಾಂಕ್ ನೆನಪಿದೆಯಾ? 2019ರ ಸೆಪ್ಟೆಂಬರ್ 23ಕ್ಕೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಶುರುವಿನಲ್ಲಿ ಒಂದು ಖಾತೆಯಿಂದ 1,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಒಂದೇ ಬಿಲ್ಡರ್ ಗುಂಪಿಗೆ ಕೊಟ್ಟ ಸಾಲ ಮುಚ್ಚಿಡಲು 21 ಸಾವಿರಕ್ಕೂ ಹೆಚ್ಚು ಸುಳ್ಳು ಖಾತೆ ತೋರಿಸಿದ್ದರು ಎಂಬುದು ಪೊಲೀಸ್ ದೂರಿನಲ್ಲಿತ್ತು. ಮರು ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಸರದಿ, ಅಲ್ಲಿ ಮಿತಿ 35,000. ಬ್ಯಾಂಕಿನ ಹೊರಗಿನ ಸಾಲು ಟಿವಿಯಲ್ಲಿ ಬಂದ ದಿನವನ್ನು ನಾವು ಬಿಕ್ಕಟ್ಟು ಎಂದು ಕರೆದೆವು. ಒಳಗೆ ಅದಕ್ಕೆ ಆಗಲೇ ಬಹಳ ವಯಸ್ಸಾಗಿತ್ತು.

ಯಾವ ದಿನ ಅಂತ ಕೇಳಿದ್ದೀರಿ. ಮಂಡಳಿ ‘ಹೊಂದಾಣಿಕೆ ಮಾಡಿ’ ಎಂದಾಗ ಕಾರ್ಯದರ್ಶಿ ಅದನ್ನು ನಡವಳಿ ಪುಸ್ತಕದಲ್ಲಿ ಬರೆದನಾ? ಬರೆದಿರುವುದಿಲ್ಲ. ಬಾಯಿಮಾತಿನಲ್ಲೇ ಮುಗಿದಿರುತ್ತದೆ. ನನ್ನನ್ನು ಕೇಳಿದರೆ ಆ ದಿನವೇ.

ಹೊಸನಗರದ ಹುಡುಗ

ಸರಿ ಸಾರ್, ಹಾಗಾದರೆ ಆಡಿಟ್ ಮಾಡಿದವರು ಏನು ಮಾಡುತ್ತಿದ್ದರು? ‘ಎ’ ದರ್ಜೆ ಕೊಟ್ಟಿರುತ್ತಾರಲ್ಲ?

ಜಮಾಖರ್ಚು (ಶಿವಮೊಗ್ಗ)

ಕೊಟ್ಟಿರುತ್ತಾರೆ ತಮ್ಮಾ. ಆಡಿಟ್ ನೋಡುವುದು ಮಾರ್ಚ್ 31ರ ಬಾಕಿಯನ್ನು. ಆ ಒಂದು ದಿನ ಎಲ್ಲ ಸರಿ ಇರುವಂತೆ ವರ್ಷವಿಡೀ ತಯಾರಿ ನಡೆದಿರುತ್ತದೆ. ವೋಚರ್ ಇದೆ, ಸಹಿ ಇದೆ, ಅಂಕೆ ಕೂಡುತ್ತದೆ. ಮನೆಮನೆಗೆ ಹೋಗಿ ‘ನೀವು ನಿಜವಾಗಿ ಕಟ್ಟಿದಿರಾ’ ಎಂದು ಕೇಳಲು ಯಾರಿಗೆ ಸಮಯ? ಕೇಳಿದರೂ ಸಾಲಗಾರ ಹೌದು ಎನ್ನುತ್ತಾನೆ, ರಿಯಾಯಿತಿ ಸಿಕ್ಕಿದ್ದು ಅವನಿಗೇ ಅಲ್ವಾ. ನಮ್ಮ ಇಲಾಖೆಯ ಸೋಮಾರಿತನವೂ ಇದರಲ್ಲಿದೆ, ಇಲ್ಲ ಎನ್ನುವುದಿಲ್ಲ.

ಕಬ್ಬಿಣದ ಕಡಲೆ (ಭದ್ರಾವತಿ)

ನೀವೆಲ್ಲ ಸಂಸ್ಥೆಯ ಒಳಗೇ ಸುತ್ತುತ್ತಿದ್ದೀರಿ ಮಾರಾಯ್ರೆ. ಹೊರಗಿನದ್ದೂ ಸ್ವಲ್ಪ ನೋಡಿ.

ನಮ್ಮ ಭದ್ರಾವತಿ ಕಬ್ಬಿಣದ ಕಾರ್ಖಾನೆ 1918ರಲ್ಲಿ ಹುಟ್ಟಿದ್ದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. 1923ರಲ್ಲಿ ಮೊದಲ ಕಬ್ಬಿಣ ಹೊರಬಂತು. ಅಷ್ಟರಲ್ಲಿ ಮಹಾಯುದ್ಧದ ಕಾಲದ ಬೆಲೆ ಬಿದ್ದುಹೋಗಿತ್ತು. ಯೋಜನೆ ಹಾಕುವಾಗ ಕಂಡ ಪೇಟೆಯೇ ಬೇರೆ, ಮಾರುವಾಗ ಸಿಕ್ಕ ಪೇಟೆಯೇ ಬೇರೆ. ಕುರ್ಚಿಯಲ್ಲಿ ಕೂತವರು ವಿಶ್ವೇಶ್ವರಯ್ಯನವರು! ಅವರಿಗಿಂತ ಬಿಗಿಯಾದ ಆಡಳಿತಗಾರ ಈ ರಾಜ್ಯದಲ್ಲಿ ಯಾರಿದ್ದರು? ಅವರಿಗೂ ಅಮೆರಿಕದ ಕಬ್ಬಿಣದ ಬೆಲೆ ಏರಿಸಲು ಆಗಲಿಲ್ಲ. ಖರ್ಚು ಕಡಿಮೆ ಮಾಡಿದರು, ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿಯವರನ್ನು ತಂದರು, ಹಾಗೂ ಹೀಗೂ ನಿಲ್ಲಿಸಿದರು.

ನಾವು ಕೆಲಸದಲ್ಲಿದ್ದ ಕಾಲಕ್ಕೆ ಬನ್ನಿ. 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಜೊತೆ ವಿಲೀನವಾಯಿತು. ಸ್ವಂತ ಅದಿರಿನ ಗಣಿ ಬೇಕು ಎಂಬ ಮಾತು ಕೇಳುತ್ತಾ ಕೇಳುತ್ತಾ ನಮ್ಮ ತಲೆ ಬೆಳ್ಳಗಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಹೋರಾಟವಾಯಿತು, ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಇದರ ನಡುವೆ ಮ್ಯಾನೇಜರುಗಳು ಎಷ್ಟು ಜನ ಬಂದರು, ಹೋದರು. ಒಬ್ಬರು ಶಿಸ್ತು ತಂದರು, ಇನ್ನೊಬ್ಬರು ಓವರ್‌ಟೈಮ್ ಕತ್ತರಿಸಿದರು, ಮತ್ತೊಬ್ಬರು ಗೇಟಿಗೆ ಬಣ್ಣ ಹೊಡೆಸಿದರು. ಅದಿರು ಮಾತ್ರ ಬರಲಿಲ್ಲ.

ನಿಮ್ಮ ಕಾರ್ಯದರ್ಶಿ ಕೊಳೆ ರೋಗ ತಂದನಾ? ಮಳೆ ತಂದನಾ? ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೊರಬಲು (ಸಾಗರ ತಾಲ್ಲೂಕು)

ಕಡಲೆಯವರೇ, ಒಪ್ಪುತ್ತೇನೆ, ಅರ್ಧ. ಕೊಳೆ ಪಕ್ಕದ ಊರಿಗೂ ಬಂದಿತ್ತು. ಅಲ್ಲಿಯ ಸಂಘ ಆ ವರ್ಷ ಸುಸ್ತಿ ಇದೆ ಎಂದು ತೋರಿಸಿತು, ಬೈಸಿಕೊಂಡಿತು, ಲಾಭಾಂಶ ಕೊಡಲಿಲ್ಲ. ಇವತ್ತು ನೆಟ್ಟಗಿದೆ. ಮಳೆ ಒಂದೇ, ಸಂಘ ಎರಡು. ವ್ಯತ್ಯಾಸ ಎಲ್ಲಿಂದ ಬಂತು?

ಮಳೆಲೆಕ್ಕ (ಕಾರ್ಗಲ್)

ಗೊರಬಲು ಅವರ ಈ ಪ್ರಶ್ನೆಗೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಆದರೆ ವಿದ್ಯುತ್ ಕ್ಷೇತ್ರದಲ್ಲಿ ಇದ್ದವನಾಗಿ ಒಂದು ಘಟನೆ ಹೇಳುತ್ತೇನೆ. ನಮ್ಮಲ್ಲಿ ಕಂಟ್ರೋಲ್ ರೂಮಿಗೆ ಸೇರುವ ಹುಡುಗರಿಗೆ ಇದನ್ನು ಹೇಳದೆ ನಾನು ಬಿಟ್ಟವನಲ್ಲ.

1979ರ ಮಾರ್ಚ್ 28. ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ನೀರಿನ ಪಂಪು ನಿಂತಿತು. ಒತ್ತಡ ಏರಿ, ಅದನ್ನು ಇಳಿಸುವ ವಾಲ್ವ್ ತಾನಾಗಿ ತೆರೆಯಿತು. ಒತ್ತಡ ಇಳಿದ ಮೇಲೆ ಅದು ಮುಚ್ಚಬೇಕಿತ್ತು, ಮುಚ್ಚಲಿಲ್ಲ, ಸಿಕ್ಕಿಕೊಂಡಿತು. ಕಂಟ್ರೋಲ್ ರೂಮಿನಲ್ಲಿ ಅದಕ್ಕೊಂದು ದೀಪ ಇತ್ತು. ದೀಪ ಆರಿತ್ತು. ವಾಲ್ವ್ ಮುಚ್ಚಿದೆ ಎಂದು ಎಲ್ಲರೂ ತಿಳಿದರು. ಆ ದೀಪದ ತಂತಿ ಕೊಟ್ಟದ್ದು ಎಲ್ಲಿಗೆ ಗೊತ್ತಾ? ವಾಲ್ವಿಗೆ ಅಲ್ಲ, ವಾಲ್ವಿಗೆ ಹೋಗುವ ಆದೇಶಕ್ಕೆ. ‘ಮುಚ್ಚು’ ಎಂದು ಹೇಳಲಾಗಿದೆ ಎಂಬುದಷ್ಟೇ ಅದರ ಅರ್ಥ. ಮುಚ್ಚಿತೋ ಇಲ್ಲವೋ ದೀಪಕ್ಕೆ ಗೊತ್ತಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ನೀರು ಹೊರಗೆ ಹೋಗುತ್ತಲೇ ಇತ್ತು. ಒಳಗೆ ನೀರು ಜಾಸ್ತಿಯಾಗಿದೆ ಎಂದು ಬೇರೊಂದು ಮೀಟರ್ ಹೇಳಿದ್ದರಿಂದ, ತುರ್ತು ನೀರನ್ನೂ ಸಿಬ್ಬಂದಿಯೇ ಕಡಿಮೆ ಮಾಡಿದರು. ಇನ್ನೊಂದು ವಾಲ್ವಿನ ದೀಪ ರಿಪೇರಿಯ ಚೀಟಿಯ ಹಿಂದೆ ಮರೆಯಾಗಿತ್ತು. ಕೊನೆಗೆ ಸುಮಾರು ಅರ್ಧ ಇಂಧನ ಕರಗಿತು.

ಅಲ್ಲಿ ಇದ್ದವರು ದಡ್ಡರಲ್ಲ, ಕಳ್ಳರೂ ಅಲ್ಲ. ಪ್ರತಿಯೊಬ್ಬರೂ ಕಣ್ಣಿಗೆ ಕಂಡ ದೀಪವನ್ನು ನಂಬಿ ಕೆಲಸ ಮಾಡಿದರು. ಚಾರ್ಲ್ಸ್ ಪೆರೋ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇದನ್ನು ಅಧ್ಯಯನ ಮಾಡಿ ಒಂದು ಖಾರವಾದ ಮಾತು ಹೇಳಿದರು. ಭಾಗಗಳು ಒಂದಕ್ಕೊಂದು ಹೆಣೆದುಕೊಂಡು, ನಡುವೆ ಪುರುಸೊತ್ತೇ ಇಲ್ಲದ ವ್ಯವಸ್ಥೆಗಳಲ್ಲಿ ಇಂಥ ಅಪಘಾತ ವಿಶೇಷವೇನೂ ಅಲ್ಲ, ಮಾಮೂಲು. ಸುರಕ್ಷತೆಗೆ ಅಂತ ಸೇರಿಸುವ ಹೊಸ ಸಾಧನ ಆ ಹೆಣಿಗೆಯನ್ನು ಇನ್ನೂ ಜಟಿಲ ಮಾಡಬಹುದು.

ನಿಮ್ಮ ಸಂಘದ ‘ವಸೂಲಿ’ ಕಾಲಂ ಇದೆಯಲ್ಲ, ಅದು ಆ ದೀಪ. ರೈತ ಕಟ್ಟಿದ ಎಂದು ಅದು ಹೇಳುತ್ತಿರಲಿಲ್ಲ. ಜಮಾ ಬರೆಯಿರಿ ಎಂದು ಯಾರೋ ಹೇಳಿದ್ದಾರೆ ಎಂದಷ್ಟೇ ಹೇಳುತ್ತಿತ್ತು.

ತುಂಗಾತೀರ (ಈಗ ಬೆಂಗಳೂರು)

ಮಳೆಲೆಕ್ಕ ಸಾರ್, ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ದಿನನಿತ್ಯದ ಮಾತು. ಪ್ರತಿ ಪ್ರಾಜೆಕ್ಟಿಗೂ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಬೇಕು. ಕೆಳಗಿನ ಹುಡುಗ ಕೆಂಪು ಎಂದು ಕಳಿಸುತ್ತಾನೆ. ಅವನ ಲೀಡ್ ‘ಹಳದಿ ಮಾಡು, ಮುಂದಿನ ವಾರ ನೋಡೋಣ’ ಎನ್ನುತ್ತಾನೆ. ಇನ್ನೊಂದು ಮೆಟ್ಟಿಲು ಹತ್ತುವಷ್ಟರಲ್ಲಿ ಹಸಿರು. ಯಾರೂ ಸುಳ್ಳು ಹೇಳಿರುವುದಿಲ್ಲ, ಒಬ್ಬೊಬ್ಬರೂ ಒಂದೊಂದು ಚೂರು ನಯಮಾಡಿರುತ್ತಾರೆ ಅಷ್ಟೇ.

ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲೂ ಹಾಗೇ ಅಲ್ವಾ. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಸೋರುವ ಹೊತ್ತಿಗೆ ಟ್ಯಾಂಕನ್ನು ತಣ್ಣಗಿಡುವ ಘಟಕ ತಿಂಗಳುಗಳ ಹಿಂದೆಯೇ ನಿಂತಿತ್ತು. ಅನಿಲ ಸುಡುವ ಗೋಪುರದ ಕೊಳವೆ ರಿಪೇರಿಗೆ ಬಿಚ್ಚಿತ್ತು. ಮೀಟರುಗಳು ಸರಿ ತೋರಿಸುತ್ತವೆ ಎಂಬ ನಂಬಿಕೆ ಅಲ್ಲಿಯ ಕೆಲಸಗಾರರಿಗೇ ಇರಲಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣ: ಉಳಿತಾಯ, ರಿಪೇರಿ, ಉತ್ಪಾದನೆ ನಡೆಯುತ್ತಿಲ್ಲವಲ್ಲ ಎಂಬ ಸಮಾಧಾನ. ಬೇರೆಬೇರೆಯಾಗಿ ನೋಡಿದರೆ ಯಾವುದೂ ಪ್ರಳಯ ಅನ್ನಿಸುವುದಿಲ್ಲ. ನಿನ್ನೆ ಏನೂ ಆಗಲಿಲ್ಲ, ಇವತ್ತೂ ಆಗಲಿಕ್ಕಿಲ್ಲ ಎಂದು ಬಿಟ್ಟಿರುತ್ತಾರೆ.

ಸಂಘದಕ್ಕ (ತೀರ್ಥಹಳ್ಳಿ)

ಅಣ್ಣಂದಿರೇ, ಅಮೆರಿಕ ಭೋಪಾಲ ಎಲ್ಲ ಆಯಿತು. ಸ್ವಲ್ಪ ನಮ್ಮ ಜಗಲಿಗೂ ಬನ್ನಿ.

ನಾನು ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಕೆಲಸ ಮಾಡುತ್ತೇನೆ. ಯಾವ ಸಂಘ ಕೆಡುತ್ತದೆ ಎಂದು ನಮಗೆ ಪುಸ್ತಕ ನೋಡುವ ಮೊದಲೇ ಗೊತ್ತಾಗುತ್ತದೆ. ವಾರದ ಸಭೆಯಲ್ಲಿ ದುಡ್ಡನ್ನು ಎಲ್ಲರ ಮುಂದೆ ಎಣಿಸುತ್ತಾರಾ, ಅಥವಾ ಪುಸ್ತಕ ಬರೆಯುವವಳು ಮನೆಮನೆಗೆ ಹೋಗಿ ಸಹಿ ತರುತ್ತಾಳಾ? ಎರಡನೆಯದು ಶುರುವಾದರೆ ಲೆಕ್ಕ ಎಷ್ಟೇ ಚೊಕ್ಕ ಇದ್ದರೂ ನಾವು ಹೋಗಿ ಕೂರುತ್ತೇವೆ. ಸಭೆಗೆ ಬರದೇ ಇರಲು ಕಾರಣ ಇರುತ್ತದೆ. ಯಾರೋ ಕಂತು ಕಟ್ಟಿಲ್ಲ, ಕೇಳಿದರೆ ಜಗಳ, ಅದಕ್ಕೆ ಸೇರುವುದೇ ಬೇಡ ಎಂದು ಬಿಟ್ಟಿರುತ್ತಾರೆ.

ಗೊರಬಲು ಅಣ್ಣ, ನಿಮ್ಮೂರಲ್ಲಿ ಪಿಗ್ಮಿ (ದಿನದಿನದ ಉಳಿತಾಯ) ಸಂಗ್ರಹ ಮಾಡುವ ಹುಡುಗ ಇದ್ದನಲ್ಲ? ಅವನಿಗೆ ಖಂಡಿತ ಗೊತ್ತಿತ್ತು. ಯಾವ ಅಂಗಡಿಯವನು ದಿನಕ್ಕೆ ನೂರು ಕಟ್ಟುತ್ತಿದ್ದವನು ಇಪ್ಪತ್ತಕ್ಕೆ ಇಳಿದ, ಯಾವ ಮನೆಯಲ್ಲಿ ಚಿನ್ನ ಹೋಗಿದೆ, ಎಲ್ಲ ಅವನ ಬಾಯಲ್ಲಿ ಇರುತ್ತದೆ. ಅವನನ್ನು ಮಂಡಳಿ ಸಭೆಗೆ ಯಾರು ಕರೆದಿದ್ದಾರೆ? ಕಾಫಿ ತರಲು ಕರೆದಿರಬಹುದು.

ಆಮೇಲೆ ನಿಮ್ಮ ಮಂಡಳಿಯಲ್ಲಿ ಹೆಂಗಸರು ಎಷ್ಟು ಜನ ಮಾತಾಡುತ್ತಾರೆ ಎಂದೂ ಕೇಳಬೇಕು. ಇರುತ್ತಾರೆ, ಮೀಸಲಾತಿ ಇದೆ. ಮಾತಾಡುತ್ತಾರಾ ಎಂಬುದು ನನ್ನ ಪ್ರಶ್ನೆ.

ಗೊರಬಲು (ಸಾಗರ ತಾಲ್ಲೂಕು)

ಅಕ್ಕಾ, ಪಿಗ್ಮಿ ಹುಡುಗ ಎರಡು ವರ್ಷ ಮೊದಲೇ ತನ್ನ ಅಪ್ಪನ ಠೇವಣಿ ಬಿಡಿಸಿಕೊಂಡು ಪಟ್ಟಣದ ಬ್ಯಾಂಕಿಗೆ ಹಾಕಿದ್ದ. ಈಗ ಗೊತ್ತಾಗಿದೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ‘ಹೇಳಿದ್ದರೆ ನಾನೇ ಸುಳ್ಳು ಸುದ್ದಿ ಹಬ್ಬಿಸಿದೆ ಎನ್ನುತ್ತಿದ್ದಿರಿ’ ಎಂದ. ಉತ್ತರ ಕೊಡಲು ಆಗಲಿಲ್ಲ.

ಹಳೇ ಮೇಷ್ಟ್ರು (ಶಿವಮೊಗ್ಗ)

ಅವನ ಮಾತು ಸತ್ಯ. ಕೆಟ್ಟ ಸುದ್ದಿ ಹೇಳಿದವನ ಮೇಲೇ ಮೊದಲು ಕಣ್ಣು ಬೀಳುತ್ತದೆ. ಹೊರಗಿನವರು ಹೇಳಿದರಂತೂ ಮುಗಿಯಿತು.

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಅಬರ್‌ಫಾನ್ ಎಂಬ ಗಣಿ ಊರು. ನಮ್ಮ ಹಾಗೇ ಗುಡ್ಡ, ಮಳೆ, ಗುಡ್ಡದ ಬುಡದಲ್ಲಿ ಶಾಲೆ. ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಗುಡ್ಡದ ಮೇಲೆ ರಾಶಿ ಹಾಕುತ್ತಿದ್ದರು. ಏಳನೇ ರಾಶಿಯನ್ನು 1958ರಲ್ಲಿ ಒರತೆ ಇರುವ ಜಾಗದ ಮೇಲೆಯೇ ಶುರುಮಾಡಿದರು. ಒರತೆ ನಕ್ಷೆಯಲ್ಲೂ ಇತ್ತು. 1963ರಲ್ಲಿ ಸ್ಥಳೀಯ ಆಡಳಿತದ ಎಂಜಿನಿಯರ್, ಶಾಲೆಯ ಹಿಂದಿನ ಈ ಕೆಸರಿನಿಂದ ಅಪಾಯವಿದೆ ಎಂದು ಪತ್ರ ಬರೆದರು. ಪತ್ರಗಳು ಓಡಾಡಿದವು, ರಾಶಿ ಬೆಳೆಯುತ್ತಾ ಹೋಯಿತು. 1966ರ ಅಕ್ಟೋಬರ್ 21, ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲರ ಹೊತ್ತಿಗೆ ಅದು ಜಾರಿತು. 144 ಜನ ಸತ್ತರು, ಅದರಲ್ಲಿ 116 ಮಕ್ಕಳು. ಮಕ್ಕಳು ಆಗಷ್ಟೇ ಹಾಜರಿಗೆ ಕೂತಿದ್ದರು.

ವಿಚಾರಣಾ ಮಂಡಳಿ ಕಲ್ಲಿದ್ದಲು ಸಂಸ್ಥೆಯನ್ನೇ ಹೊಣೆ ಮಾಡಿತು. ಆ ವರದಿಯಲ್ಲಿ ದುಷ್ಟರು ಕಾಣುವುದಿಲ್ಲ, ತಮ್ಮ ಕೆಲಸ ಅಲ್ಲದ್ದನ್ನು ನೋಡದವರು ಕಾಣುತ್ತಾರೆ. ಅವರ ಗಮನವೆಲ್ಲ ಗಣಿಯ ಒಳಗಿತ್ತು. ಅಪಾಯ ಅಂದರೆ ನೆಲದಡಿ ಆಗುವುದು ಎಂದು ಕಲಿತವರು. ಕಸದ ರಾಶಿಗೆ ಅವರಲ್ಲಿ ನಿಯಮವೇ ಇರಲಿಲ್ಲ. ಮಳೆಗಾಲದಲ್ಲಿ ಗುಡ್ಡ ಕಡಿದು ರಸ್ತೆ ಅಗಲ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಈ ಊರು ನೆನಪಾಗುತ್ತದೆ. ಅದು ಬೇರೆ ಚರ್ಚೆ, ಬಿಡಿ.

ಗೊರಬಲು ಅವರಿಗೆ ಒಂದು ವಿಷಯ ಸೇರಿಸುತ್ತೇನೆ. ನಿಮ್ಮ ಸಂಘ ಮೊದಲು ಎಷ್ಟು ಚಿಕ್ಕದಿತ್ತು? ಗೊಬ್ಬರ, ಸೀಮೆಎಣ್ಣೆ, ಬೆಳೆ ಸಾಲ. ಕಾರ್ಯದರ್ಶಿಗೆ ಪ್ರತಿ ಮನೆಯ ಒಲೆ ಗೊತ್ತಿತ್ತು. ಆಮೇಲೆ ಚಿನ್ನದ ಸಾಲ, ವಾಹನ ಸಾಲ, ಪಿಗ್ಮಿ, ಅಡಿಕೆ ಅಡಮಾನ, ಇನ್ನೊಂದು ಊರಲ್ಲಿ ಶಾಖೆ. ಮನುಷ್ಯ ಅವನೇ, ಮೇಜು ಅದೇ. 1972ರಲ್ಲಿ ಲ್ಯಾರಿ ಗ್ರೈನರ್ ಎಂಬ ಅಮೆರಿಕದ ಪ್ರಾಧ್ಯಾಪಕ ಹೇಳಿದ್ದು ಇದನ್ನೇ: ಬೆಳೆಯುವ ಸಂಸ್ಥೆಗೆ ಒಂದು ಹಂತದಲ್ಲಿ ಕೈಹಿಡಿದ ಪದ್ಧತಿಯೇ ಮುಂದಿನ ಹಂತದ ಬಿಕ್ಕಟ್ಟಿಗೆ ಬೀಜ. ‘ನಮ್ಮ ಕಾರ್ಯದರ್ಶಿ ಎಲ್ಲ ನೋಡಿಕೊಳ್ಳುತ್ತಾರೆ’ ಎಂಬ ನಂಬಿಕೆ ನಿಮ್ಮ ಸಂಘವನ್ನು ಕಟ್ಟಿತು. ಮುಳುಗಿಸಿದ್ದೂ ಅದೇ ನಂಬಿಕೆ ಎಂದು ನನ್ನ ಅನುಮಾನ.

ಹೊಸನಗರದ ಹುಡುಗ

ಎಲ್ಲ ಓದಿದೆ. ಚೆನ್ನಾಗಿದೆ. ಆದರೂ ನನ್ನ ಸಿಟ್ಟು ಹೋಗಿಲ್ಲ. ರೋಗ ಹೊರಗಿನದ್ದು, ದೀಪ ಸುಳ್ಳು, ಮಂಡಳಿ ಬಾಯಿಮಾತಲ್ಲಿ ಹೇಳಿತು, ಆಡಿಟ್‌ಗೆ ಸಮಯ ಇರಲಿಲ್ಲ, ಸಂಘ ಬೇಗ ಬೆಳೆಯಿತು. ಹೀಗೆ ಹೇಳುತ್ತಾ ಹೋದರೆ ಕೊನೆಗೆ ಯಾರ ಮೇಲೂ ತಪ್ಪಿಲ್ಲ! ಅಷ್ಟು ಕಡಿಮೆ ಹಿಡಿತ ಇರುವುದಾದರೆ ಮ್ಯಾನೇಜರ್ ಅಂತ ಸಂಬಳ ಯಾಕೆ ಕೊಡಬೇಕು?

ಜಮಾಖರ್ಚು (ಶಿವಮೊಗ್ಗ)

ಒಳ್ಳೆಯ ಪ್ರಶ್ನೆ, ತಮ್ಮಾ. ಹಿಡಿತ ಬೇರೆ, ಹೊಣೆ ಬೇರೆ. ಹಿಡಿತ ಕಡಿಮೆ ಇತ್ತು ಎಂದ ಮಾತ್ರಕ್ಕೆ ಹೊಣೆ ಕಡಿಮೆಯಾಗುವುದಿಲ್ಲ. 1959ರ ನಮ್ಮ ಸಹಕಾರ ಕಾಯ್ದೆಯಲ್ಲೇ ನೋಡು. 64ನೇ ಕಲಂನಲ್ಲಿ ವಿಚಾರಣೆ. 69ರಲ್ಲಿ ನಷ್ಟವನ್ನು ತಪ್ಪಿತಸ್ಥರ ಕೈಯಿಂದಲೇ ವಸೂಲಿ ಮಾಡುವುದು, ಅಂದರೆ ಅಧಿಭಾರ. ಅದು ನೌಕರನಿಗೆ ಮಾತ್ರವಲ್ಲ, ಮಂಡಳಿಯವರಿಗೂ ಅನ್ವಯಿಸುತ್ತದೆ. ಸಹಿ ಹಾಕಿದವನು ತಪ್ಪಿಸಿಕೊಳ್ಳಲಾಗದು, ತಪ್ಪಿಸಿಕೊಳ್ಳಲೂ ಬಾರದು. ನಿಮ್ಮ ಅಜ್ಜಿಗೆ ಅದನ್ನು ಧೈರ್ಯವಾಗಿ ಹೇಳು.

ಆದರೆ ಒಬ್ಬನನ್ನು ಹಿಡಿದು ಒಳಗೆ ಹಾಕಿದರೆ ಆ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಅದೇ ಮಾರ್ಚ್, ಅದೇ ಕೊಳೆ, ಅದೇ ‘ಇದೊಂದು ವರ್ಷ’. ನಾನು ನೋಡಿದ ಮಟ್ಟಿಗೆ, ಎರಡನೆಯವನು ಹೆದರಿ ಇನ್ನೂ ಚೆನ್ನಾಗಿ ಮುಚ್ಚಿಡಲು ಕಲಿಯುತ್ತಾನೆ.

ಗೊರಬಲು (ಸಾಗರ ತಾಲ್ಲೂಕು)

ಅದು ಈಗಾಗಲೇ ಶುರುವಾಗಿದೆ. ಆಡಳಿತಾಧಿಕಾರಿ ಬಂದಿದ್ದಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಈಗ ಪ್ರತಿ ಚೀಟಿಗೂ ಮೂರು ಸಹಿ. ಗೊಬ್ಬರದ ಚೀಲಕ್ಕೂ ಅರ್ಜಿ. ಹಳೇ ಗುಮಾಸ್ತ ಒಬ್ಬನಿದ್ದ, ಎಲ್ಲರ ಸಾಲದ ಕಥೆ ಬಾಯಲ್ಲಿ ಹೇಳುತ್ತಿದ್ದ. ಈಗ ಏನು ಕೇಳಿದರೂ ‘ರಿಜಿಸ್ಟರ್ ನೋಡಿ’ ಎನ್ನುತ್ತಾನೆ. ಸಾಲ ಕಟ್ಟಬಲ್ಲವರು ಪಟ್ಟಣದ ಫೈನಾನ್ಸಿಗೆ ಹೋದರು. ಉಳಿದವರು ಕಟ್ಟಲಾಗದವರು. ಕಾಗದದ ಮೇಲೆ ನಿಯಂತ್ರಣ ಎಂದೂ ಇಷ್ಟು ಬಿಗಿ ಇರಲಿಲ್ಲ. ಸಂಘದಲ್ಲಿ ಏನು ನಡೆಯುತ್ತಿದೆ ಎಂದು ಇಷ್ಟು ಕಡಿಮೆ ಗೊತ್ತಿದ್ದದ್ದೂ ಎಂದೂ ಇಲ್ಲ.

ಮಳೆಲೆಕ್ಕ (ಕಾರ್ಗಲ್)

ಪಕ್ಕದೂರಿನ ಸಂಘ ಯಾಕೆ ಉಳಿಯಿತು ಎಂದು ಕೇಳಿದ್ದಿರಿ. ಯೋಚಿಸಿದೆ. ಲಾಭಾಂಶ ಕೊಡಲಿಲ್ಲ ಎಂದಿರಲ್ಲ, ಅಲ್ಲಿದೆ ವಿಷಯ.

ಲಿಂಗನಮಕ್ಕಿ 1964ರ ಅಣೆಕಟ್ಟು, ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಆಗಸ್ಟಿನಲ್ಲಿ ನೀರು ಮೇಲೇರಿದಾಗ ದೊಡ್ಡ ತಲೆನೋವು ಶುರು. ಮಳೆ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ಎರಡೇ: ಎಷ್ಟು ಜಾಗ ಖಾಲಿ ಬಿಟ್ಟುಕೊಂಡಿರಬೇಕು, ಕೆಳಗಿನ ಊರುಗಳಿಗೆ ಎಷ್ಟು ಮೊದಲೇ ಹೇಳಬೇಕು. ಬೇಗ ನೀರು ಬಿಟ್ಟು, ಆಮೇಲೆ ಮಳೆ ಬರಲಿಲ್ಲ ಅನ್ನಿ. ಬೇಸಿಗೆಯಲ್ಲಿ ‘ಕರೆಂಟು ಆಗುವ ನೀರನ್ನು ಸಮುದ್ರಕ್ಕೆ ಚೆಲ್ಲಿದರು’ ಎಂದು ಎಲ್ಲರೂ ಬೈಯುತ್ತಾರೆ. ತಡವಾಗಿ ಬಿಟ್ಟರೆ ಹೊನ್ನಾವರದ ಕಡೆ ತೋಟ, ಮನೆಗೆ ನೀರು ನುಗ್ಗುತ್ತದೆ. ಖಾಲಿ ಜಾಗ ಬಿಟ್ಟದ್ದಕ್ಕೆ ಯಾರಿಗೂ ಬಹುಮಾನ ಬಂದದ್ದು ನಾನು ಕಂಡಿಲ್ಲ. ಬಾರದ ಪ್ರವಾಹವನ್ನು ಯಾರೂ ಎಣಿಸುವುದಿಲ್ಲವಲ್ಲ.

ಆ ಸಂಘದವರು ಒಂದು ವರ್ಷ ಬೈಸಿಕೊಂಡು ಜಾಗ ಖಾಲಿ ಇಟ್ಟುಕೊಂಡರು. ನಿಮ್ಮವರು ಶಾಲು ಹೊದೆಸಿಕೊಂಡರು. ಕಾರ್ಯದರ್ಶಿಗೆ ಸಾಧ್ಯವಿದ್ದದ್ದು ಮೊದಲ ವರ್ಷ ಮಾತ್ರ, ಅದೂ ಮಹಾಸಭೆಯಲ್ಲಿ ಎದ್ದು ನಿಂತು ‘ವಸೂಲಿ ಆಗಿಲ್ಲ’ ಎನ್ನುವಷ್ಟು. ನಾಲ್ಕನೇ ವರ್ಷಕ್ಕೆ ಆತನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಇದು ನನ್ನ ಲೆಕ್ಕ, ತಪ್ಪಿದ್ದರೆ ಹೇಳಿ.

ಕಬ್ಬಿಣದ ಕಡಲೆ (ಭದ್ರಾವತಿ)

ತಪ್ಪಿಲ್ಲ. ಆದರೆ ಮೊದಲ ವರ್ಷ ಹಾಗೆ ಎದ್ದು ನಿಂತಿದ್ದರೆ ಮಂಡಳಿ ಅವನನ್ನು ಆ ತಿಂಗಳೇ ಮನೆಗೆ ಕಳಿಸುತ್ತಿತ್ತು. ನಮ್ಮಲ್ಲಿ ಕುಲುಮೆಯ ಒಳಗೋಡೆ ಸವೆದಿದೆ ಎಂದು ಬರೆದುಕೊಟ್ಟ ಫೋರ್‌ಮನ್‌ಗೆ ಏನಾಗುತ್ತಿತ್ತು ಎಂದು ನನಗೆ ಗೊತ್ತು. ಉತ್ಪಾದನೆಯ ಗುರಿ ತಪ್ಪಿಸಿದವನು ಎಂಬ ಹೆಸರು. ಪಕ್ಕದೂರಿನ ಕಾರ್ಯದರ್ಶಿಗೆ ಧೈರ್ಯ ಜಾಸ್ತಿ ಇತ್ತೋ, ಅಲ್ಲಿಯ ಅಧ್ಯಕ್ಷರಿಗೆ ಕೇಳುವ ಕಿವಿ ಇತ್ತೋ?

ಗೊರಬಲು (ಸಾಗರ ತಾಲ್ಲೂಕು)

ವಿಚಾರಿಸಿದೆ. ಅಲ್ಲಿಯ ಅಧ್ಯಕ್ಷರೇ ಸುಸ್ತಿದಾರರಂತೆ ಆ ವರ್ಷ. ತಮ್ಮ ಹೆಸರನ್ನೇ ಪಟ್ಟಿಯ ಮೇಲೆ ಬರೆಸಿದರಂತೆ. ಆಮೇಲೆ ಬೇರೆಯವರು ‘ನನ್ನದು ಬೇಡ’ ಎನ್ನಲು ಬಾಯಿ ಬರಲಿಲ್ಲ. ಮುಂದಿನ ಚುನಾವಣೆಯಲ್ಲಿ ಸೋತರು ಬಿಡಿ.

ಈಗ ನನ್ನ ಕೆಲಸದ ಪ್ರಶ್ನೆ. ಸೆಪ್ಟೆಂಬರಿನಲ್ಲಿ ಮಹಾಸಭೆ ಕರೆಯುತ್ತಾರಂತೆ. ನಾವು ಕೆಲವರು ಹೋಗುತ್ತೇವೆ. ಏನು ಕೇಳಬೇಕು? ಠೇವಣಿಗೆ ವಿಮೆ ಇದೆ, ಐದು ಲಕ್ಷದವರೆಗೆ ಬರುತ್ತದೆ ಎಂದು ಊರಲ್ಲಿ ಹೇಳುತ್ತಿದ್ದಾರೆ. ನಿಜವಾ?

ಜಮಾಖರ್ಚು (ಶಿವಮೊಗ್ಗ)

ವಿಮೆಯ ಮಾತು ಮೊದಲು. ಐದು ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ. ಪಟ್ಟಣ ಸಹಕಾರ ಬ್ಯಾಂಕ್, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕ್ ಅದರಲ್ಲಿ ಬರುತ್ತವೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘ ಬರುವುದಿಲ್ಲ. ಸಂಘದ ಬೋರ್ಡಿನ ಮೇಲೆ ಬ್ಯಾಂಕಿನ ಹಾಗೆ ಬರೆದುಕೊಂಡಿದ್ದರೂ ಅಷ್ಟೇ. ಊರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿ, ಸುಳ್ಳು ಆಸೆ ಬೇಡ.

ಸಭೆಯಲ್ಲಿ ‘ದುಡ್ಡು ಎಲ್ಲಿ ಹೋಯಿತು’ ಎಂದು ಕೂಗಬೇಡಿ. ಕೂಗಿದರೆ ಗಲಾಟೆ ಎಂದು ಬರೆದು ಸಭೆ ಮುಗಿಸುತ್ತಾರೆ. ಮೊದಲೇ ಲಿಖಿತವಾಗಿ ಆಡಿಟ್ ವರದಿಯ ಪ್ರತಿ ಕೇಳಿ. ಅದರ ಜೊತೆ ಮಾರ್ಚ್ ಕೊನೆಯ ವಾರ ಮತ್ತು ಏಪ್ರಿಲ್ ಮೊದಲ ಹತ್ತು ದಿನದ ಡೇಬುಕ್ (ದಿನವಹಿ ಲೆಕ್ಕದ ಪುಸ್ತಕ) ನೋಡಲು ಅವಕಾಶ ಕೇಳಿ, ಆ ಎಲ್ಲ ವರ್ಷಗಳದ್ದು. ಕಟ್ಟಿದವರ ಹೆಸರು ಒಂದು ಕಡೆ, ಸಾಲ ಪಡೆದವರ ಹೆಸರು ಪಕ್ಕದಲ್ಲಿ ಬರೆದುಕೊಳ್ಳಿ. ಅದೇ ಹೆಸರು ಯಾವ ವರ್ಷ ಮೊದಲ ಸಲ ಎರಡೂ ಕಡೆ ಬಂತು ಎಂದು ಕಾಣುತ್ತದೆ. ನೀವು ಕೇಳಿದ ‘ಯಾವ ದಿನ’ ಅನ್ನುವುದಕ್ಕೆ ಹೆಚ್ಚುಕಮ್ಮಿ ತಾರೀಖೇ ಸಿಗುತ್ತದೆ. ಆ ವರ್ಷದ ಮಂಡಳಿಯಲ್ಲಿ ಯಾರಿದ್ದರು ಎಂಬ ಪಟ್ಟಿಯೂ ಬೇಕು. ಅಧಿಭಾರದ ಪ್ರಕರಣಕ್ಕೆ ಅದು ಮುಖ್ಯ.

ಹೊಸನಗರದ ಹುಡುಗ

ಡೇಬುಕ್ ತೋರಿಸದಿದ್ದರೆ?

ಜಮಾಖರ್ಚು (ಶಿವಮೊಗ್ಗ)

ತೋರಿಸದಿದ್ದರೆ ತೋರಿಸಲಿಲ್ಲ ಎಂದು ಬರೆಸಿಕೊಂಡು ಎಆರ್ (ಸಹಕಾರ ಸಂಘಗಳ ಸಹಾಯಕ ನಿಬಂಧಕರ) ಕಚೇರಿಗೆ ಅರ್ಜಿ ಕೊಡಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಡಿಆರ್ (ಉಪ ನಿಬಂಧಕರ) ಕಚೇರಿ. ಸ್ವೀಕೃತಿ ಮುದ್ರೆ ಇಲ್ಲದೆ ಒಂದು ಕಾಗದವನ್ನೂ ಕೊಡಬೇಡಿ.

ಸಂಘದಕ್ಕ (ತೀರ್ಥಹಳ್ಳಿ)

ಆ ಪಿಗ್ಮಿ ಹುಡುಗನನ್ನೂ, ಹಳೇ ಗುಮಾಸ್ತನನ್ನೂ ಕರೆಯಿರಿ ಅಣ್ಣ. ಸಭೆಗೆ ಬೇಡ, ಅದಕ್ಕಿಂತ ಮೊದಲು ಯಾರದ್ದಾದರೂ ಮನೆಯಲ್ಲಿ ಕೂತು ಮಾತಾಡಿ. ಅವರ ಮೇಲೆ ಕೇಸು ಹಾಕುವುದಿಲ್ಲ ಎಂದು ಊರವರ ಮುಂದೆ ಮೊದಲೇ ಹೇಳಿ. ಆಮೇಲೆ ಬಾಯಿ ಬಿಡುತ್ತಾರೆ.

ಗೊರಬಲು (ಸಾಗರ ತಾಲ್ಲೂಕು)

ಆಯ್ತು ಅಕ್ಕ. ಭಾನುವಾರ ನಮ್ಮ ಮನೆಯಲ್ಲೇ ಸೇರುತ್ತೇವೆ. ಗುಮಾಸ್ತ ಬರುತ್ತೇನೆ ಎಂದಿದ್ದಾನೆ, ಪಿಗ್ಮಿ ಹುಡುಗ ಇನ್ನೂ ಫೋನ್ ಎತ್ತಿಲ್ಲ. ಹೊಸನಗರದ ತಮ್ಮಾ, ನಿಮ್ಮ ಅಜ್ಜಿಯ ಪಾಸ್‌ಬುಕ್ಕಿನ ಫೋಟೋ ಇಲ್ಲಿ ಹಾಕಬೇಡ. ಜಮಾಖರ್ಚು ಅವರಿಗೆ ಖಾಸಗಿಯಾಗಿ ಕಳಿಸು. ಅದು ಬ್ಯಾಂಕೋ ಸಂಘವೋ ಎಂದು ಅವರು ನೋಡಿ ಹೇಳುತ್ತಾರೆ.